ಕೆಂಪಕ್ಕ ಹಾಲು ಒಡೆಸಿದ್ದು

ಸೊಸೆ ಬಿಂದುಶ್ರೀಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕೆಂಪಕ್ಕನ ಅಡುಗೆಮನೆಯಲ್ಲಿ ಒಗ್ಗರಣೆಯೇ ನಿಂತುಹೋಗಿತ್ತು. ಎಣ್ಣೆಯಲ್ಲಿ ಸಾಸಿವೆ ಚಟಪಟ ಅನ್ನುವುದೇ ತಡ, ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಬೆಳ್ಳುಳ್ಳಿ ಆಗದು, ಬೇಳೆ ಬೇಯುವ ವಾಸನೆ ಆಗದು, ಮುದ್ದೆ ತೊಳಸುವಾಗ ಏಳುವ ಹಬೆಯಂತೂ ಅವಳ ಪಾಲಿಗೆ ಹಗೆ. ನಿಡುಗಲ್ ಬೆಟ್ಟದ ಬುಡದಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮೇಕೆ ಕಾಯ್ದುಕೊಂಡು ಐವತ್ತೆಂಟು ವರ್ಷ ಕಳೆದ ಕೆಂಪಕ್ಕ, ಮುದ್ದೆ ಬೇಡ ಅನ್ನುವ ಹೊಟ್ಟೆಯನ್ನು ಇದೇ ಮೊದಲು ಕಂಡಿದ್ದು.

ಅವಳು ಸುಮ್ಮನೆ ಕೂರಲಿಲ್ಲ. ಮೆಣಸಿನ ಸಾರು ಮಾಡಿದಳು, ಅಕ್ಕಿ ಗಂಜಿ ಕಾಯಿಸಿದಳು, ಪಕ್ಕದ ಮನೆಯಿಂದ ಮೂರು ವರ್ಷದ ಹಳೇ ನಿಂಬೆ ಉಪ್ಪಿನಕಾಯಿ ತಂದಳು. ಬಿಂದುಶ್ರೀ ಎಲ್ಲವನ್ನೂ ತಟ್ಟೆಯಲ್ಲಿ ಅತ್ತಿತ್ತ ಸರಿಸಿ, ಎರಡು ತುತ್ತು ನುಂಗಿ, ನುಂಗಿದ್ದನ್ನು ಹಿತ್ತಲಿಗೆ ಒಪ್ಪಿಸಿ ಬರುತ್ತಿದ್ದಳು. ಊರಿನ ಆಶಾ ಕಾರ್ಯಕರ್ತೆ ಬಂದು ನೋಡಿ, ಹೆದರುವಂಥದ್ದೇನಿಲ್ಲ, ಇನ್ನೊಂದು ತಿಂಗಳಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ಅವಳು ಏನು ಕೇಳುತ್ತಾಳೋ ಅದನ್ನು ಕೊಡಿ ಎಂದು ಹೇಳಿ ಹೋದಳು. ತೊಡಕಿದ್ದದ್ದೇ ಅಲ್ಲಿ. ಬಿಂದುಶ್ರೀ ಏನನ್ನೂ ಕೇಳುವ ಹುಡುಗಿಯಲ್ಲ.

ಅವಳ ತವರು ಕೊರಟಗೆರೆ ಕಡೆ. ಮನೆ ಮುಂದೆಯೇ ಬಾವಿ, ಬಾವಿ ಸುತ್ತ ಕನಕಾಂಬರದ ತೋಟ. ಮದುವೆಯಾಗಿ ಬಂದು ಒಂದು ವರ್ಷವಾಗಿದ್ದರೂ ಈ ಬಿಸಿಲು ಸೀಮೆಯ ಮನೆಯಲ್ಲಿ ಅವಳ ಮಾತು ಇನ್ನೂ ನೆಂಟರ ಮಾತಿನ ಹಾಗೆಯೇ ಇತ್ತು. ಊಟ ಹೆಂಗಿತ್ತು ಅಂದರೆ ಚೆನ್ನಾಗಿತ್ತು ಅತ್ತೆ. ಸೆಖೆ ಆಯ್ತಾ ಅಂದರೆ ಪರವಾಗಿಲ್ಲ ಅತ್ತೆ. ಗಂಡ ಹಾಲೇಶ್ ರಾಯಚರ್ಲಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಸುವ ಮೇಸ್ತ್ರಿ. ಹೊತ್ತು ಹುಟ್ಟುವ ಮೊದಲೇ ಬೈಕು ಹತ್ತಿದರೆ ಬರುವುದು ಸಂಜೆ. ಮಾವ ಯತ್ತಪ್ಪ ಮೂವತ್ತು ಮೇಕೆ ಹೊಡೆದುಕೊಂಡು ಬೆಟ್ಟದ ಕಡೆ ಹೋಗಿಬಿಡುತ್ತಿದ್ದ. ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಸೊಸೆ ಇಬ್ಬರೇ. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಆದರೆ ಜಗಳವಾಡುವಷ್ಟು ಸಲಿಗೆಯೂ ಬೆಳೆದಿರಲಿಲ್ಲ.

ಯುಗಾದಿ ಕಳೆದು ಎರಡು ವಾರವಾಗಿತ್ತು. ಮಧ್ಯಾಹ್ನ ಬಿಂದುಶ್ರೀ ತಣ್ಣನೆಯ ಸಿಮೆಂಟು ನೆಲದ ಮೇಲೆ ಅಡ್ಡಾಗಿ ಫೋನು ನೋಡುತ್ತಿದ್ದಳು. ಕೆಂಪಕ್ಕ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದವಳು ಒಂದು ಸಂಗತಿ ಗಮನಿಸಿದಳು. ಹುಡುಗಿಯ ಹೆಬ್ಬೆರಳು ಫೋನಿನ ಮೇಲೆ ಸರಿಯುತ್ತಾ ಹೋಗಿ, ಮತ್ತೆ ವಾಪಸು ಬಂದು, ಅದೇ ಒಂದು ಚಿತ್ರದ ಮುಂದೆ ನಿಲ್ಲುತ್ತಿತ್ತು. ಅದೇನು ತೋರಿಸು ಎಂದಳು. ಬಿಂದುಶ್ರೀ ನಾಚಿಕೊಂಡು ಏನಿಲ್ಲ ಎಂದಳು. ಆಮೇಲೆ ತೋರಿಸಿದಳು. ಅಗಲ ಬಾಯಿಯ ಬಟ್ಟಲೊಂದರಲ್ಲಿ ಹಸಿರು ಎಲೆ, ಅದರ ನಡುವೆ ಯಾವುದೋ ಕೆಂಪು ಹಣ್ಣು, ಮೇಲೆ ಉದುರಿಸಿದ ಬೆಳ್ಳಗಿನ ಚೂರು. ಅದು ಸಲಾಡಂತೆ. ಹಸೀ ಸೊಪ್ಪು, ಹಣ್ಣು, ಚೀಸು. ಒಲೆಯೂ ಬೇಡ, ಒಗ್ಗರಣೆಯೂ ಬೇಡವಂತೆ.

"ಯಾವಾಗ್ಲಾದ್ರೂ ತಿಂದಿದ್ದೀಯೇನಮ್ಮ?"

"ಇಲ್ಲ ಅತ್ತೆ," ಎಂದಳು ಬಿಂದುಶ್ರೀ. "ನೋಡಿದ್ರೆ ತಣ್ಣಗೈತೆ ಅನ್ಸುತ್ತೆ. ಅದಕ್ಕೇ ನೋಡ್ತಾ ಇರ್ತೀನಿ."

ಸಂಜೆ ಮೇಕೆ ಕೂಡಿ ಬಂದ ಯತ್ತಪ್ಪನಿಗೆ ಕೆಂಪಕ್ಕ ಈ ಸುದ್ದಿ ಹೇಳಿದಳು. ಅವನು ಕಾಲು ತೊಳೆಯುತ್ತಾ ನಕ್ಕ. "ಹಸೀ ಸೊಪ್ಪು ತಿನ್ನಾಕೆ ನಮ್ಮನೇಲಿ ಮೂವತ್ತು ಜನ ಆಗ್ಲೇ ಅವ್ರೆ. ಇನ್ನೊಬ್ರು ಸೇರ್ಕೊಂಡ್ರಾ?" ಎಂದ. ಕೆಂಪಕ್ಕನೂ ನಕ್ಕಳು. ಆದರೆ ಮರಿಗಳನ್ನು ತಾಯಿಯಿಂದ ಬಿಡಿಸಿ ಮಂಕರಿಯ ಕೆಳಗೆ ಮುಚ್ಚುತ್ತಿರುವಾಗ ಅವಳಿಗೆ ತನ್ನದೇ ಒಂದು ಹಳೆಯ ಬಯಕೆ ನೆನಪಾಯಿತು.

ಹಾಲೇಶ್ ಹೊಟ್ಟೆಯಲ್ಲಿದ್ದಾಗ ಅವಳಿಗೆ ದ್ರಾಕ್ಷಿ ತಿನ್ನಬೇಕು ಅನ್ನಿಸಿತ್ತು. ಪಾವಗಡದ ಸಂತೆಯಲ್ಲಿ ಹಸಿರು ದ್ರಾಕ್ಷಿಯ ಗೊಂಚಲು ನೇತುಹಾಕಿದ್ದನ್ನು ಕಂಡು ಬಂದು, ಧೈರ್ಯ ಮಾಡಿ ಅತ್ತೆಯ ಹತ್ತಿರ ಒಂದೇ ಒಂದು ಸಲ ಕೇಳಿದ್ದಳು. ದ್ರಾಕ್ಷಿ ತಿನ್ನದೆ ಈ ಮನೆಯಲ್ಲಿ ಇದುವರೆಗೆ ಯಾರೂ ಸತ್ತಿಲ್ಲ ಎಂದಿದ್ದಳು ಅತ್ತೆ. ಹುಟ್ಟಿದ ಮಗನಿಗೆ ನಾಲ್ಕು ವರ್ಷ ಕಿವಿ ಸೋರಿತು. ಡಾಕ್ಟರು ಶೀತ ಎಂದರು. ಊರ ಹೆಂಗಸರು ತೀರದ ಬಯಕೆ ಎಂದರು. ಕೆಂಪಕ್ಕ ಹೆಂಗಸರ ಮಾತನ್ನೇ ನಂಬಿದಳು. ಆ ಬಯಕೆ ಯಾವುದರ ಮೇಲೆ ಅನ್ನುವುದನ್ನು ಮಾತ್ರ ಮೂವತ್ತು ವರ್ಷವಾದರೂ ಬೇರೆ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ, ಮೇಕೆಗೆ ಜಂತಿನ ಔಷಧಿ ತರಬೇಕು ಎಂದು ಸೊಸೆಗೆ ಸುಳ್ಳು ಹೇಳಿ ಕೆಂಪಕ್ಕ ಪಾವಗಡದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಚೀಸು, ಚೀಸು ಎಂದು ಬಾಯಿಪಾಠ ಮಾಡುತ್ತಾ ಹೋದರೂ ಬಸ್ಸು ಇಳಿಯುವಷ್ಟರಲ್ಲಿ ಅದು ಸೀಜು ಆಗಿತ್ತು. ಬೇಕರಿಯವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಓ, ಚೀಜಾ? ಉಂದಮ್ಮಾ ಉಂದಿ," ಎಂದು ತೆಲುಗಿನಲ್ಲಿ ಇದೆಯೆಂದು ಹೇಳಿ ಫ್ರಿಜ್ಜಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೆಂಪಕ್ಕ ಅದನ್ನು ಬಿಚ್ಚಿದಳು. ಒಳಗೆ ಇನ್ನೊಂದು ಪ್ಲಾಸ್ಟಿಕ್ಕು. ಅದನ್ನೂ ಸುಲಿದರೆ ಅರಿಶಿನದ ಬಣ್ಣದ ತೆಳ್ಳನೆಯ ಹಾಳೆ. ಮೂಲೆ ಮುರಿದು ಬಾಯಿಗಿಟ್ಟುಕೊಂಡಳು. ಅದು ಮೇಣದ ಬತ್ತಿಯ ಹಾಗೆ ಅಂಗುಳಕ್ಕೆ ಅಂಟಿಕೊಂಡಿತು. ಫೋನಿನಲ್ಲಿದ್ದದ್ದು ಬೆಳ್ಳಗಿತ್ತು, ಪುಡಿಪುಡಿಯಾಗಿತ್ತು. ಇದು ಖಂಡಿತ ಅದಲ್ಲ. ಇದನ್ನು ಒಯ್ದು ಕೊಟ್ಟರೆ ಹುಡುಗಿ ಹಿತ್ತಲಿನಿಂದ ಒಳಗೇ ಬರಲಿಕ್ಕಿಲ್ಲ. ಏನು ಮಾಡುವುದೆಂದು ಅವಳು ತಲೆಯೆತ್ತಿದಾಗ ಎದುರಿಗೆ ಸಿರಾ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಹೆಂಗಸರಿಗೆ ಹೇಗೂ ಟಿಕೆಟ್ಟಿಲ್ಲ. ಕೆಂಪಕ್ಕ ಹತ್ತಿ ಕೂತಳು. ಯೋಚನೆ ಮಾಡಿದ್ದರೆ ಹತ್ತುತ್ತಿರಲಿಲ್ಲ.

ಸಿರಾದಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಮನೆ, ಖಾಜಾಬಿಯದು. ಖಾಜಾಬಿಯ ಗಂಡ ನಸ್ರುಲ್ಲಾ ಬಕ್ರೀದಿಗೆ ಮೇಕೆ ಕೊಳ್ಳಲು ಇಪ್ಪತ್ತೈದು ವರ್ಷದಿಂದ ಯತ್ತಪ್ಪನ ಹಟ್ಟಿಗೇ ಬರುತ್ತಿದ್ದವನು. ಒಂದು ವರ್ಷ ಹೆಂಡತಿಯನ್ನೂ ಕರೆತಂದಿದ್ದಾಗ ಅವರ ಟೆಂಪೋ ಕೆಟ್ಟು ಗಂಡಹೆಂಡತಿ ಎರಡು ದಿನ ಅಲ್ಲೇ ಉಳಿದಿದ್ದರು. ಆ ಎರಡು ದಿನದಲ್ಲಿ ಹೆಂಗಸರಿಬ್ಬರೂ ಎಷ್ಟು ಹತ್ತಿರವಾಗಿಬಿಟ್ಟರೆಂದರೆ ಗಂಡಸರು ವ್ಯಾಪಾರಕ್ಕೆ ಕೂತಾಗ ಇವರು ಒಂದೇ ಕಡೆ ಸೇರಿ ಇಬ್ಬರಿಗೂ ಬೈಯುತ್ತಿದ್ದರು.

ಹೊತ್ತಲ್ಲದ ಹೊತ್ತಿನಲ್ಲಿ ಬೆವರಿಳಿಸುತ್ತಾ ಬಾಗಿಲಲ್ಲಿ ನಿಂತ ಕೆಂಪಕ್ಕನನ್ನು ಕಂಡು ಖಾಜಾಬಿಗೆ ಮೊದಲು ಗಾಬರಿಯಾಯಿತು. ವಿಷಯ ತಿಳಿದ ಮೇಲೆ ನಗುವನ್ನು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಕಾಲೇಜು ಓದುವ ಮೊಮ್ಮಗಳು ಜೈಬಾ, ಕೆಂಪಕ್ಕ ಬಣ್ಣಿಸಿದಂತೆಲ್ಲ ಫೋನಿನಲ್ಲಿ ಹುಡುಕಿ ಹುಡುಕಿ ಕೊನೆಗೆ ಒಂದು ಚಿತ್ರ ತೋರಿಸಿದಳು. ಅದೇ ಬಟ್ಟಲು, ಅದೇ ಎಲೆ, ಅದೇ ಬಿಳಿ ಚೂರು. ಖಾಜಾಬಿ ಕನ್ನಡಕ ಏರಿಸಿ ನೋಡಿ, ಇದೇನು ಮಹಾ, ಹಾಲು ಕಾಯಿಸಿ ನಿಂಬೆಹುಳಿ ಬಿಟ್ಟರೆ ಒಡೆಯುತ್ತದೆ, ಬಟ್ಟೆಯಲ್ಲಿ ಕಟ್ಟಿದರೆ ಗಟ್ಟಿಯಾಗುತ್ತದೆ, ತನ್ನ ಮಕ್ಕಳಿಗೆಲ್ಲ ತಾನು ಮಾಡಿ ತಿನ್ನಿಸಿಲ್ಲವೇ ಎಂದಳು. ಹಟ್ಟಿ ತುಂಬ ಮೇಕೆ ಇಟ್ಟುಕೊಂಡು ಹಾಲಿಗಾಗಿ ಸಿರಾದವರೆಗೆ ಬಂದವಳನ್ನು ತಾನು ಕಂಡಿಲ್ಲ ಎಂದೂ ಸೇರಿಸಿದಳು. ಹೇಳುತ್ತಲೇ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ನಿಂಬೆಹಣ್ಣು ಕೊಯ್ದಳು.

ಕೆಂಪಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು. ಮೇಕೆ ಕುರಿ ನಂಬಿದ ಮನೆಯವಳು ಅವಳು. ಒಲೆಯ ಮೇಲಿಟ್ಟ ಹಾಲು ತಾನಾಗಿ ಒಡೆದರೂ ಅವರಲ್ಲಿ ಆ ದಿನ ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಾಲು ಒಡೆದರೆ ಮನೆ ಒಡೆಯುತ್ತದೆ ಅನ್ನುವ ಮಾತನ್ನು ಕೇಳಿಕೊಂಡೇ ಬೆಳೆದವಳು. ಅಂಥದ್ದರಲ್ಲಿ ಬಸುರಿ ಹೆಂಗಸಿಗಾಗಿ, ಕೈಯಾರೆ, ಬೇಕೆಂದೇ ಹಾಲು ಒಡೆಸುವುದೆಂದರೇನು?

ಖಾಜಾಬಿ ಈ ಸಲ ನಗಲಿಲ್ಲ. "ಕೆಂಪಕ್ಕ, ನಮ್ಮನೇಲಿ ನಲವತ್ತು ವರ್ಷದಿಂದ ಹಾಲು ಒಡೀತೈತೆ. ಮನೆ ಎಲ್ಲಿ ಒಡೀತು? ಏಳು ಮಕ್ಳು ಮೊಮ್ಮಕ್ಳು ಇದೇ ಜಾಗದಲ್ಲಿ ಬಿದ್ದಾಡ್ತಾವೆ. ಒಡೆಯೋದು ನಮ್ಮನೇಲಿ ಒಡೀಲಿ. ನೀನು ತಗಂಡೋಗಿ ತಿನ್ಸು. ಹೋಗು, ಬೇಕಾದ್ರೆ ಆ ಕಡೆ ಮುಖ ಮಾಡ್ಕೊಂಡು ಕೂತ್ಕೊ."

ಕೆಂಪಕ್ಕ ಆ ಕಡೆ ಮುಖ ಮಾಡಿಕೊಂಡೇ ಕೂತಳು. ಆದರೆ ಕಣ್ಣು ಮಾತು ಕೇಳಲಿಲ್ಲ. ಉಕ್ಕಿ ಬಂದ ಹಾಲಿಗೆ ಖಾಜಾಬಿ ನಿಂಬೆಯ ರಸ ಬಿಟ್ಟು ಸೌಟಿನಿಂದ ಒಂದು ಸುತ್ತು ತಿರುವಿದಳು. ಹಾಲು ಒಂದು ಗಳಿಗೆ ನಡುಗಿದಂತೆ ಮಾಡಿತು. ಆಮೇಲೆ ಮೋಡ ಚದುರಿದ ಹಾಗೆ ಬಿಳಿ ಗೆಡ್ಡೆಗೆಡ್ಡೆ ಒಂದು ಕಡೆಯಾಗಿ, ನಡುವೆ ತಿಳಿ ಹಸಿರು ನೀರು ನಿಂತಿತು. ಮಲ್ಲಿನ ಬಟ್ಟೆಯಲ್ಲಿ ಅದನ್ನು ಸೋಸಿ, ಉಪ್ಪು ಬೆರೆಸಿ, ಗಂಟು ಕಟ್ಟಿ, ಮೇಲೆ ಒಂದು ಗುಂಡುಕಲ್ಲು ಹೇರಿದಳು. ಕಲ್ಲಿನ ಭಾರಕ್ಕೆ ನೀರು ಇಳಿಯುವವರೆಗೆ ಹೆಂಗಸರಿಬ್ಬರೂ ಊಟ ಮಾಡಿದರು. ಹೊರಡುವಾಗ ಗಂಟನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಜೊತೆಗೆ ಎರಡು ದಾಳಿಂಬೆ ಹಣ್ಣು ಚೀಲಕ್ಕೆ ಹಾಕಿದಳು ಖಾಜಾಬಿ. ಚಿತ್ರದಲ್ಲಿದ್ದ ಕೆಂಪು ಹಣ್ಣು ಯಾವುದೋ ಅವಳಿಗೂ ಗೊತ್ತಿರಲಿಲ್ಲ; ಕೆಂಪಗಿದ್ದರೆ ಸಾಕು ಎಂದಳು.

ಚೀಸೂ ಆಯಿತು, ಹಣ್ಣೂ ಆಯಿತು. ಬಸ್ಸಿನಲ್ಲಿ ಕೆಂಪಕ್ಕನ ತಲೆ ಕೊರೆಯತೊಡಗಿದ್ದು ಸೊಪ್ಪಿನ ಚಿಂತೆ. ಚಿತ್ರದ ಎಲೆಯಂಥದ್ದು ಪಾವಗಡ ಸೀಮೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೆ ಯಾವ ಎಲೆ ಹಸಿಯಾಗಿಯೇ ಮೆತ್ತಗಿರುತ್ತದೆ, ಯಾವುದು ಹುಳಿ, ಯಾವುದು ಕಹಿ, ಯಾವುದಕ್ಕೆ ಮೇಕೆ ಮೂತಿ ತಿರುಗಿಸುತ್ತದೆ ಅನ್ನುವುದನ್ನು ಅವಳಷ್ಟು ಬಲ್ಲವರು ಯಾರಿದ್ದರು? ಕಂಡಕ್ಟರನ ಫೋನು ಕೇಳಿ ಪಡೆದು ಹಾಲೇಶನಿಗೆ ಮಾಡಿದಳು. ಪ್ಯಾನೆಲ್ ತೊಳೆದ ನೀರು ತೊಟ್ಟಿಕ್ಕುವ ಜಾಗದಲ್ಲಿ ಸಾಲಿಗೆ ಗೋಣಿಸೊಪ್ಪು ಹಬ್ಬಿರುತ್ತದೆ, ನಾನು ಹೋದ ತಿಂಗಳು ಕಣ್ಣಾರೆ ನೋಡಿದ್ದೇನೆ, ಎಳೆಯದಾಗಿ ನೋಡಿ ಒಂದು ಚೀಲ ಕಿತ್ತುಕೊಂಡು ಬಾ ಎಂದಳು. ಬರೀ ಕುಡಿ ತರಬೇಕು, ಬೇರು ಬೇಡ. ಕಂಡಕ್ಟರನ ಫೋನಿನಲ್ಲಿ ಸೊಪ್ಪು ಬೇಡುವ ತಾಯಿಗೆ ಬಿಸಿಲು ಹೊಡೆದಿದೆಯೇನೋ ಎಂದು ಮಗ ಎರಡು ಸಲ ಕೇಳಿದ.

ಊರಲ್ಲಿ ಇಳಿದವಳು ನೇರ ಮನೆಗೆ ಹೋಗಲಿಲ್ಲ. ಕೆರೆಯೇರಿಯ ಹುಣಸೆಮರ ಹೊಸದಾಗಿ ಚಿಗುರಿತ್ತು. ಕೈಗೆಟುಕುವ ರೆಂಬೆ ಬಗ್ಗಿಸಿ, ಕೆಂಪು ಮಾಸದ ಎಳೆ ಚಿಗುರನ್ನು ಮಡಿಲು ತುಂಬ ಕಿತ್ತುಕೊಂಡಳು. ಹಾಲೇಶ್ ತಂದ ಗೋಣಿಸೊಪ್ಪನ್ನೂ ಚಿಗುರನ್ನೂ ಉಪ್ಪುನೀರಿನಲ್ಲಿ ಮೂರು ಸಲ ಜಾಲಿಸಿ ತೊಳೆದಳು. ಸೊಪ್ಪನ್ನು ಕೊಯ್ಯದೆ ಕೈಯಲ್ಲೇ ಮುರಿದು ಅಗಲವಾದ ಸ್ಟೀಲು ಬೇಸನ್ನಿಗೆ ಹಾಕಿದಳು. ಮೇಲೆ ದಾಳಿಂಬೆ ಬಿಡಿಸಿ ಸುರಿದಳು. ಒಂದು ಹನಿ ನಿಂಬೆ, ಒಂದು ಚಿಟಿಕೆ ಮೆಣಸಿನ ಪುಡಿ, ಬೆಲ್ಲದ ಒಂದು ಚೂರು. ಹುರಿದ ಕಡಲೆಕಾಯಿ ಬೀಜವನ್ನು ಕುಟ್ಟಿ ಎರಡು ಹಿಡಿ. ಇಷ್ಟಾದ ಮೇಲೆ ಅವಳ ಕೈ ಅಭ್ಯಾಸಬಲದಿಂದ ಒಗ್ಗರಣೆ ಸೌಟಿಗೆ ಹೋಯಿತು. ನೆನಪಾಗಿ ಸೌಟನ್ನು ವಾಪಸು ಗೂಟಕ್ಕೆ ಸಿಕ್ಕಿಸಿದಳು. ಕೊನೆಗೆ ಗಂಟು ಬಿಚ್ಚಿ ಖಾಜಾಬಿಯ ಗಿಣ್ಣಿನಂಥ ಬಿಳಿ ಉಂಡೆಯನ್ನು ಬೆರಳಲ್ಲೇ ಉದುರಿಸಿದಳು.

ಬೇಸನ್ನು ಮುಂದೆ ಇಟ್ಟಾಗ ಬಿಂದುಶ್ರೀ ಎದ್ದು ಕೂತಳು. ಅತ್ತೆಯ ಮುಖ ನೋಡಿದಳು, ಬೇಸನ್ನು ನೋಡಿದಳು. ಒಂದು ಗೋಣಿಸೊಪ್ಪಿನ ಕುಡಿ ತೆಗೆದು ಬಾಯಿಗಿಟ್ಟುಕೊಂಡಳು. ಕುಡಿ ಹಲ್ಲಿಗೆ ಸಿಕ್ಕು ಕರಕ್ಕೆಂದಿತು. ಯತ್ತಪ್ಪ, ಹಾಲೇಶ್, ಕೆಂಪಕ್ಕ ಮೂವರೂ, ಅವಳು ಹಿತ್ತಲ ಕಡೆ ಓಡಿದರೆ ದಾರಿ ಇರಲೆಂದು ಪಕ್ಕಕ್ಕೆ ಸರಿದು ನಿಂತಿದ್ದರು. ಅವಳು ಓಡಲಿಲ್ಲ. ಹುಣಸೆ ಚಿಗುರಿನ ಹುಳಿಗೆ ಒಂದು ಕಣ್ಣು ಮುಚ್ಚಿದಳು, ದಾಳಿಂಬೆಯ ಸಿಹಿಗೆ ಅದನ್ನು ತೆರೆದಳು. ಎರಡನೆಯ ಹಿಡಿ, ಮೂರನೆಯ ಹಿಡಿ. ಬಿಳಿ ಚೂರನ್ನು ಹುಡುಕಿ ಹುಡುಕಿ ತಿಂದಳು. ಬೇಸನ್ನು ಬರಿದಾದ ಮೇಲೆ ಅದನ್ನು ಎತ್ತಿ ತಳದಲ್ಲಿ ನಿಂತ ರಸವನ್ನೂ ಕುಡಿದಳು. ಆಮೇಲೆ ಮೇಲುತುಟಿ ಒರೆಸಿಕೊಂಡು ಮೆಲ್ಲಗೆ ಕೇಳಿದಳು:

"ನಾಳೆಗೂ ಮಾಡ್ತೀರಾ ಅತ್ತೆ?"

ಆ ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಮಾಡ್ತೀನಿ ಕಣಮ್ಮ ಎಂದುಬಿಟ್ಟಳು ಕೆಂಪಕ್ಕ. ಡಬ್ಬಿಯಲ್ಲಿ ಒಂದು ಚೂರೂ ಉಳಿದಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಬೆಳಗಾಯಿತು. ಯತ್ತಪ್ಪ ಮೇಕೆಗಳನ್ನು ಕರೆದು ಚೆಂಬು ತಂದಿಟ್ಟ. ಕೆಂಪಕ್ಕ ಹಾಲನ್ನು ಒಲೆಯ ಮೇಲಿಟ್ಟು, ಪಕ್ಕದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಕೂತಳು. ದಿನಾ ಸಿರಾಕ್ಕೆ ಹೋಗಿ ಬರಲಾದೀತೇ? ನಿಂಬೆಹಣ್ಣನ್ನು ಕಂಡ ಯತ್ತಪ್ಪ ಕೂಡಲೇ ಅರ್ಥ ಮಾಡಿಕೊಂಡ.

"ನಮ್ಮ ಒಲೆ ಮ್ಯಾಲೆ ಬ್ಯಾಡ ಕಣೆ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ನಮ್ಮವ್ವ ಇದ್ದಿದ್ರೆ ಏನನ್ನೋಳು?"

ನಿಮ್ಮವ್ವ ಏನನ್ನುತ್ತಿದ್ದಳು ಅನ್ನುವುದು ನನಗೆ ನಿನಗಿಂತ ಚೆನ್ನಾಗಿ ಗೊತ್ತು ಎಂದು ಕೆಂಪಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಹಾಲು ಉಕ್ಕಿ ಅಂಚಿಗೆ ಬಂತು. ಯತ್ತಪ್ಪ ಎದ್ದು ಹಟ್ಟಿಯ ಬೇಲಿಯವರೆಗೆ ಹೋಗಿ, ಬೆನ್ನು ಈ ಕಡೆ ಮಾಡಿ ನಿಂತುಕೊಂಡ. ಕೆಂಪಕ್ಕ ಮನೆದೇವರ ಹೆಸರು ಹೇಳಿ, ಕಣ್ಣು ತೆರೆದುಕೊಂಡೇ ನಿಂಬೆಯನ್ನು ಹಿಂಡಿದಳು. ಹಾಲು ನಡುಗಿತು, ಚದುರಿತು, ಒಂದಾಯಿತು. ಆಕಾಶವೇನೂ ಬೀಳಲಿಲ್ಲ. ಹೊರಗೆ ಒಂದು ಮರಿ ಅರಚಿತು. ಅದು ದಿನಾ ಅರಚುವ ಮರಿಯೇ.

ಗಂಟು ಕಟ್ಟಿ, ರಾಗಿಕಲ್ಲಿನ ಗೂಟ ಕಿತ್ತ ಮೇಲ್ಭಾಗವನ್ನೇ ಅದರ ಮೇಲೆ ಹೇರಿ, ಅರ್ಧ ಗಂಟೆಯ ಮೇಲೆ ಗಂಡನನ್ನು ಕರೆದಳು. "ಬಾ ಇಲ್ಲಿ. ಮುಟ್ಟಿ ನೋಡು. ಇದು ಒಡೆದಿರೋದಾ? ಚೆದುರಿ ಹೋಗಿದ್ದು ಹೆಂಗೆ ಕಟ್ಕೊಂಡೈತೆ ನೋಡು."

ಯತ್ತಪ್ಪ ಒಂದು ಬೆರಳಿನಿಂದ ಒತ್ತಿದ. ಇನ್ನೊಮ್ಮೆ ಒತ್ತಿದ. ಅಂಚಿನಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕೋಲು ಹೆಗಲಿಗಿಟ್ಟು ಮೇಕೆ ಬಿಟ್ಟ. ಬಾಗಿಲಲ್ಲಿ ತಿರುಗಿ, ಉಪ್ಪು ಇನ್ನೊಂಚೂರು ಬೇಕಿತ್ತು ಎಂದು ಹೋದ.

ಆಮೇಲೆ ಅದು ದಿನದ ಕೆಲಸವಾಯಿತು. ಬೆಳಗಿನ ಹೊತ್ತು ಅತ್ತೆ ಸೊಸೆ ಇಬ್ಬರೂ ಜಗಲಿಯ ನೆರಳಲ್ಲಿ ಸೊಪ್ಪು ಸೋಸುತ್ತಾ ಕೂರುತ್ತಿದ್ದರು. ಒಂದು ದಿನ ಕರ್ಬೂಜ, ಒಂದು ದಿನ ಕಲ್ಲಂಗಡಿ, ಒಂದು ದಿನ ಹುಳಿಮಾವಿನ ಹೋಳು. ಹೊನಗೊನೆಯ ಕುಡಿ ಹಾಕಿ ನೋಡಿದರು, ಚೆನ್ನಾಗಿತ್ತು. ನುಗ್ಗೆಸೊಪ್ಪು ಹಸಿಯಾಗಿ ಹಾಕಿ ಇಬ್ಬರೂ ಮುಖ ಕಿವಿಚಿಕೊಂಡು ಮೇಕೆಗೆ ಚೆಲ್ಲಿದರು. ಸೊಪ್ಪು ಸೋಸುವಾಗ ಮಾತು ತಾನೇ ತಾನಾಗಿ ಬರುತ್ತದೆ. ಬಿಂದುಶ್ರೀ ತವರಿನ ಬಾವಿಗೆ ಬಿದ್ದ ಕೋಳಿಯ ಕಥೆ ಹೇಳಿದಳು, ಹಾಲೇಶ್ ಮದುವೆಗೆ ಮೊದಲು ಫೋನಿನಲ್ಲಿ ತೊದಲುತ್ತಿದ್ದುದನ್ನು ಅಣಕಿಸಿ ತೋರಿಸಿದಳು. ಕೆಂಪಕ್ಕ ಬಿದ್ದು ಬಿದ್ದು ನಕ್ಕಳು. ಒಂದು ದಿನ ಯಾಕೋ ಏನೋ, ಸಂತೆಯ ದ್ರಾಕ್ಷಿಯ ಸಂಗತಿಯೂ ಅವಳ ಬಾಯಿಂದ ಬಂದುಬಿಟ್ಟಿತು. ಬಿಂದುಶ್ರೀ ಕೇಳಿಸಿಕೊಂಡಳು. ಮಾರನೆಯ ದಿನ ಬೇಸನ್ನಿನಲ್ಲಿ ಸೊಪ್ಪಿಗಿಂತ ಹೆಚ್ಚು ಹಸಿರು ದ್ರಾಕ್ಷಿಯಿತ್ತು. ಸೊಸೆ ಅದನ್ನು ತನ್ನ ಮುಂದೆ ಇಟ್ಟುಕೊಳ್ಳದೆ ಅತ್ತೆಯ ಮುಂದೆ ಇಟ್ಟಳು. ಕೆಂಪಕ್ಕ ಒಂದೊಂದನ್ನೇ ತೆಗೆದು ತಿಂದಳು. ಅಷ್ಟೇನೂ ಸಿಹಿಯಿಲ್ಲ ಕಣಮ್ಮ ಎಂದಳು. ಎಂದರೂ ಒಂದನ್ನೂ ಉಳಿಸಲಿಲ್ಲ.

ಏಳನೆಯ ತಿಂಗಳಿಗೆ ಬಳೆ ತೊಡಿಸುವ ಶಾಸ್ತ್ರ ಇಟ್ಟುಕೊಂಡರು. ಆ ಹೊತ್ತಿಗೆ ಒಂದೆರಡು ಮಳೆ ಬಿದ್ದು ಹೊಲದ ಬದುವೆಲ್ಲ ಗೋಣಿಸೊಪ್ಪಾಗಿತ್ತು. ಕೊರಟಗೆರೆಯಿಂದ ಬೀಗರು ಬಂದರು, ಸಿರಾದಿಂದ ಖಾಜಾಬಿ ಜೈಬಾಳ ಜೊತೆ ಎರಡು ಡಜನ್ ಹಸಿರು ಬಳೆ ಹಿಡಿದುಕೊಂಡು ಬಂದಳು. ಬಂದವಳು ಕೂರಲೂ ಇಲ್ಲ. ಸೀದಾ ಒಲೆಯ ಹತ್ತಿರ ಹೋಗಿ ಹಂಡೆಯಂಥ ಪಾತ್ರೆಯಲ್ಲಿ ಕೆಂಪಕ್ಕ ಹಾಲು ಒಡೆಸುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿ, ಬೆಂಕಿ ಜಾಸ್ತಿಯಾಯಿತು ಎಂದು ತಪ್ಪು ಹಿಡಿದಳು. ಊಟಕ್ಕೆ ಹೋಳಿಗೆ, ಚಿತ್ರಾನ್ನದ ಜೊತೆ ಎಲೆಯ ತುದಿಯಲ್ಲಿ ಸೊಪ್ಪು, ದಾಳಿಂಬೆ, ಒಡೆಸಿದ ಹಾಲಿನ ಗಿಣ್ಣು. ಬೀಗಿತ್ತಿಯರು ಮೊದಲು ಅನುಮಾನದಿಂದ ಮೂಸಿದರು, ಆಮೇಲೆ ಎರಡನೆಯ ಸಲ ಬಡಿಸಿಕೊಂಡರು. ಇದರ ಹೆಸರೇನು ಎಂದು ಒಬ್ಬಾಕೆ ಕೇಳಿದ್ದಕ್ಕೆ ಯತ್ತಪ್ಪ, ನಮ್ಮ ಮೇಕೆಗಳ ಕೋಸಂಬರಿ ಎಂದ. ಅವನ ಎಲೆಯಲ್ಲಿ ಅದು ಮೂರನೆಯ ಸಲ ಖಾಲಿಯಾಗಿತ್ತು.

ಬಳೆ ತೊಟ್ಟು ಕೂತ ಬಿಂದುಶ್ರೀಗೆ ಕೆಂಪಕ್ಕ ದೊಡ್ಡ ಬೇಸನ್ನನ್ನೇ ತಂದಿಟ್ಟಳು. ಹುಡುಗಿ ಅದನ್ನು ನೋಡಿ, ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಬೇಜಾರು ಮಾಡ್ಕೋಬೇಡಿ ಎಂದು ಶುರುಮಾಡಿದಳು. ಒಂದು ವಾರದಿಂದ ತನಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಿಟ್ಟರೆ ಬೇರೇನೂ ಬೇಡ ಅನ್ನಿಸುತ್ತಿದೆಯಂತೆ. ಅದೂ ಬೆಳ್ಳುಳ್ಳಿ ಜಾಸ್ತಿ ಹಾಕಿ ಒಗ್ಗರಣೆ ಕೊಟ್ಟದ್ದು. ಇಷ್ಟು ದಿನ ಅತ್ತೆ ಆಸೆಯಿಂದ ಮಾಡುತ್ತಿದ್ದರು, ಹೇಗೆ ಹೇಳುವುದೆಂದು ಸುಮ್ಮನಿದ್ದಳಂತೆ.

ಕೆಂಪಕ್ಕ ಬೇಸನ್ನನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಹಬ್ಬದಡುಗೆಯ ನಡುವೆಯೇ ಒಲೆಗೆ ಎಸರಿಟ್ಟು ಮುದ್ದೆ ತೊಳಸಿದಳು, ಒಗ್ಗರಣೆ ಕೊಟ್ಟಳು. ಸಾಸಿವೆ ಚಟಪಟ ಅಂದಾಗ ಒಳಗಿನಿಂದ ಬಿಂದುಶ್ರೀ ಆಹಾ ಎಂದದ್ದು ಕೇಳಿಸಿತು.

ನೆಂಟರೆಲ್ಲ ಎಲೆಯಡಿಕೆಗೆ ಕೂತಾಗ ಕೆಂಪಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ, ಸೊಸೆ ಬೇಡವೆಂದ ಬೇಸನ್ನನ್ನು ತೊಡೆಯ ಮೇಲಿಟ್ಟುಕೊಂಡಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಗೋಣಿಸೊಪ್ಪು ತಣ್ಣಗಿತ್ತು, ಗಿಣ್ಣಿಗೆ ಉಪ್ಪು ಹದವಾಗಿ ಹಿಡಿದಿತ್ತು.

"ಅತ್ತೆ, ಇನ್ನೊಂದು ಮುದ್ದೆ ಇದೆಯಾ?" ಎಂದು ಬಿಂದುಶ್ರೀ ನಡುಮನೆಯಿಂದ ಕೂಗಿದಳು.

ಕೆಂಪಕ್ಕನ ಬಾಯಿ ತುಂಬ ಸೊಪ್ಪಿತ್ತು. ಒಲೆಯ ಕಡೆ ಕೈ ತೋರಿಸಿ, ನೀನೇ ಬಂದು ತಗೋ ಎಂದು ಸನ್ನೆ ಮಾಡಿದಳು.